ಲೋಟದೂರಿನ ಬೊಹುಮಿಲ್

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ನಮ್ಮ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗಿರುವ ಬಸ್ ಡ್ರೈವರ್ ಬೊಹುಮಿಲ್, ಶಿಫ್ಟ್ ಮುಗಿಸಿ ಬಂದು ಬೂಟು ಬಿಚ್ಚುವ ಮೊದಲೇ ತನ್ನೂರಿನ ಮಾತು ಬಿಚ್ಚುತ್ತಾನೆ. ಊರಿನ ಹೆಸರು ಲ್ಹೋಟಾ. ಜೆಕ್ ದೇಶದಲ್ಲಿ ಆ ಹೆಸರಿನ ಊರುಗಳು, ನಮ್ಮ ಹೊಸಹಳ್ಳಿಗಳಂತೆ, ನೂರಾರಿವೆ. "ಲೋಟದೂರಿನವರು ಬಂದ್ರು ಕಣ್ರೀ," ಎಂದು ನನ್ನ ಹೆಂಡತಿ ಹೇಮಲತಾ ನಗುತ್ತ, ಸ್ಟೀಲ್ ಲೋಟದಲ್ಲೇ ಅವನಿಗೆ ಕಾಫಿ ಕೊಡುತ್ತಾಳೆ. ಅವನೂರಿನ ಉತ್ತರಕ್ಕೆ ಗುಡ್ಡ, ದಕ್ಷಿಣಕ್ಕೆ ಮೀನಿನ ಕೊಳ, ನಡುವೆ ಗಂಟೆಗೋಪುರ. ಅದರ ಗಂಟೆಯನ್ನು ಯುದ್ಧಕಾಲದಲ್ಲಿ ಕರಗಿಸಲು ಒಯ್ದರಂತೆ. ಎಷ್ಟು ಸಲ ಕೇಳಿದ್ದೇನೆಂದರೆ, ಕಣ್ಣು ಕಟ್ಟಿ ಬಿಟ್ಟರೂ ಆ ಊರಿನಲ್ಲಿ ನಾನು ದಾರಿ ತಪ್ಪಲಾರೆ. ಹಿಂದೆ ಕಾಡು ಕಡಿದು ಅಲ್ಲಿ ನೆಲೆಸಿದವರಿಗೆ ಕೆಲವು ವರ್ಷ ಕಂದಾಯವಿರಲಿಲ್ಲವಂತೆ; ಆ ಗಡುವಿಗೆ ಅವರ ಭಾಷೆಯಲ್ಲಿರುವ ಪದದಿಂದಲೇ ಊರಿಗೆ ಆ ಹೆಸರು. "ನಾನೂ ಇಲ್ಲಿಗೆ ಎರಡು ವರ್ಷದ ಗಡುವಿಗೆ ಬಂದವನು," ಎಂದು ಐದನೆಯ ವರ್ಷವೂ ಹೇಳುತ್ತಾನೆ. ಕೊನೆಯ ಮಾತು ಯಾವಾಗಲೂ ಒಂದೇ: "ಜನಸಂಖ್ಯೆ ಮುನ್ನೂರ ಹನ್ನೆರಡು." ಮೊನ್ನೆ ಮಾತ್ರ, ಕಣ್ಣುಜ್ಜಿಕೊಳ್ಳುತ್ತ, "ಮುನ್ನೂರ ಹನ್ನೊಂದು" ಎಂದ. ಹೇಮಲತಾಳ ನಗು ನಿಂತಿತು. "ಅಯ್ಯೋ, ಯಾರು ಹೋಗ್ಬಿಟ್ರು?" "ಯಾರೂ ಸತ್ತಿಲ್ಲ, ಹೇಮಾ. ಊರಿನ ಕಚೇರಿಗೆ ಬರೆದು ನನ್ನ ಹೆಸರು ತೆಗೆಸಿದೆ. ಎಷ್ಟು ವರ್ಷ ಅಂತ ಸುಳ್ಳು ಲೆಕ್ಕದಲ್ಲಿ ಇರೋದು?" ಬರಿದಾದ ಲೋಟವನ್ನು ಕೆಳಗಿಟ್ಟು ನನ್ನತ್ತ ನೋಡಿ, "ಸ್ಟಾಕ್‌ಪೋರ್ಟಿನ ಜನಸಂಖ್ಯೆ ಎಷ್ಟು?" ಎಂದು ಕೇಳಿದ. ಒಂಬತ್ತು ವರ್ಷದಿಂದ ಇಲ್ಲೇ ಇದ್ದೇನೆ, ನನಗೆ ಗೊತ್ತಿರಲಿಲ್ಲ.