ಕತ್ತಲೆ ಬೇಡುವ ಪರದೆ

ದೊಡ್ಡ ಟಿವಿ ಕೈಗೆಟುಕದ್ದರಿಂದ ತಾರ್ನಾಕದ ಕಸ್ತೂರಿ ಹದಿನೈದು ದಿನ ಫೋನಿನಲ್ಲಿ ಓದಿ ಓದಿ, ಮಹಾ ತಜ್ಞೆಯಂತೆ ಅಗ್ಗದ ಪ್ರೊಜೆಕ್ಟರ್ ಆರಿಸಿದಳು. ಒಂದು ಸಿನಿಮಾವನ್ನಾದರೂ ಪೂರ್ತಿ ಕೂತು ನೋಡಬೇಕೆಂಬುದು ಅವಳ ಆಸೆ. ಹಾಲಿಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ ಎಂಬುದು ಮಾತ್ರ ಈ ತಜ್ಞೆಗೆ ಹೊಳೆದಿರಲಿಲ್ಲ.

ಭಾನುವಾರ ಸಂಜೆ ಸಿನಿಮಾ ಶುರುವಾದಾಗ ಅವಳು ಎಂದಿನಂತೆ ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಅಡಗಿಮನಿ ಲೈಟ್ ಆರಿಸು, ಗ್ವಾಡಿ ಮ್ಯಾಲೆ ಏನೂ ಕಾಣವಲ್ದು!” ಗಂಡ ವಿಜಯಕುಮಾರ ಕೂಗಿದ.

“ಕತ್ತಲದಾಗ ರೊಟ್ಟಿ ಹ್ಯಾಂಗ ಬಡೀಲ್ರಿ?”

“ಆಮ್ಯಾಲೆ ಬಡಿಯಾಕ ಬರತೈತಿ, ಬಾ.”

“ಬಂದೆ. ಆಮ್ಯಾಲೆ ನೀವೂ ಬರ್ರಿ, ಹಿಟ್ಟು ನಾದಾಕ.”

ಕಸ್ತೂರಿ ಒಲೆಯನ್ನೂ ಲೈಟನ್ನೂ ಆರಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಸೋಫಾದ ನಡುವೆ ಕುಳಿತಳು. ಅಡುಗೆಮನೆಯಿಂದ ಬಿಡಿಸಿ ಸೋಫಾಕ್ಕೆ ತರುವ ಪ್ರೊಜೆಕ್ಟರಿನ ಈ ಗುಣವನ್ನು ಅವಳು ಎಲ್ಲೂ ಓದಿರಲಿಲ್ಲ. ಆದರೂ ಇದನ್ನು ನೋಡಿಯೇ ಕೊಂಡವಳಂತೆ ಕಾಲು ಚಾಚಿದಳು.