ಸುಣ್ಣದ ಗೋಡೆಯ ಬೆರಳುಗಳು

ಡಾಕ್ಟರಮ್ಮನ ಬೆರಳುಗಳಿಗೆ ಸದಾ ವಿನೆಗರ್ ವಾಸನೆ. ಉಗುರಿನ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಜರ್ಮನಿಯ ಮ್ಯಾನ್‌ಹೈಮಿನ ಅವರ ಮನೆಗೆ ಬಾಡಿಗೆಗೆ ಬಂದ ಹೊಸದರಲ್ಲಿ, ಮಂಗಳೂರಿನವರಲ್ಲವೇ, ಕೆಳಗೆ ಕೆಲ್ಲರಿನಲ್ಲಿ ಉಪ್ಪಿನಕಾಯಿ ಹಾಕುತ್ತಿರಬೇಕು ಎಂದು ಆಸೆಪಟ್ಟಿದ್ದೆ. ಕೇಳಿಯೂ ಬಿಟ್ಟೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನನ್ನನ್ನು ಆ ನೆಲಮಾಳಿಗೆಗೆ ಕರೆದೊಯ್ದರು. ಅಲ್ಲಿದ್ದದ್ದು ಕೆಂಪು ದೀಪ, ವಿನೆಗರ್ ವಾಸನೆಯ ದ್ರಾವಣ ತುಂಬಿದ ಫೋಟೋ ತೊಳೆಯುವ ತಟ್ಟೆಗಳು, ಹಗ್ಗಕ್ಕೆ ನೇತುಹಾಕಿದ ಕಪ್ಪು ಬಿಳುಪು ಚಿತ್ರಗಳು. ಎಲ್ಲದರಲ್ಲೂ ಒಂದೇ ಗೋಡೆ.

ಮಕ್ಕಳ ಡಾಕ್ಟರಾಗಿದ್ದವರು, ನಿವೃತ್ತರಾದ ವರ್ಷ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರಂತೆ. ಸ್ಪೇನಿನ ಪಾದ್ರಿಗಳು ಇನ್ನೂರು ವರ್ಷಗಳ ಹಿಂದೆ ಕಟ್ಟಿಸಿದ ಮಿಷನ್ ಇಗರ್ಜಿಯ ಹಿಂಬದಿಯ ಗೋಡೆ ಅದು.

"ಈ ಬೋಳು ಗೋಡೆಗೋಸ್ಕರ ಅಷ್ಟು ದೂರ ಹೋದ್ರಾ?" ಎಂದೆ. ನನ್ನ ಬಾಯಿಗೆ ಬೀಗವೆಲ್ಲಿದೆ.

"ಗಂಟೆಗೋಪುರ ಎಲ್ಲರೂ ತೆಗೀತಾರೆ ಮಾರಾಯ್ತಿ. ಕಟ್ಟಿಸಿದವರ ಹೆಸರು ಬಾಗಿಲಲ್ಲೇ ಉಂಟು. ಮಣ್ಣು ಮೆತ್ತಿದ್ದು ಅಲ್ಲಿಯ ಮೂಲನಿವಾಸಿ ಜನ, ಅವರ ಹೆಸರು ಎಲ್ಲಿಯೂ ಇಲ್ಲ. ಬೆರಳಿನ ಗುರುತು ಮಾತ್ರ ಗೋಡೆಯಲ್ಲಿ ಉಂಟು. ಬಿಸಿಲು ಓರೆಯಾಗಿ ಬಿದ್ದಾಗ ನಾನೇ ನೋಡಿದ್ದೇನೆ."

ಆದರೆ ಕಾಗದದ ಮೇಲೆ ಆ ಬೆರಳುಗಳು ಮೂಡುತ್ತಿರಲಿಲ್ಲ. ಸುಣ್ಣದ ಬಿಳುಪಿನಲ್ಲಿ ಕರಗಿಹೋಗುತ್ತಿದ್ದವು. ಅಷ್ಟರಲ್ಲಿ ಅವರ ದೃಷ್ಟಿಯೂ ನಡುವಿನಿಂದಲೇ ಮಸುಕಾಗತೊಡಗಿತ್ತು. ಸ್ವತಃ ವೈದ್ಯೆ, ಸಮಾಧಾನದ ಮಾತು ಹೇಳಿದರೆ ನಂಬುವವರಲ್ಲ. "ಪೂರ್ತಿ ಹೋಗುವ ಮೊದಲು ಇದೊಂದು ಸರಿ ಬರಬೇಕು" ಎನ್ನುತ್ತಿದ್ದರು.

ಭಾನುವಾರಗಳಲ್ಲಿ ನಾನೂ ಕೆಳಗಿಳಿಯತೊಡಗಿದೆ. ನೆಗೆಟಿವ್ ಮೂಲಕ ಬೀಳುವ ಬೆಳಕಿಗೆ ಅವರು ಎರಡೂ ಅಂಗೈ ಅಡ್ಡ ಹಿಡಿದು, ಗುರುತು ಕಪ್ಪಾಗಿ ಮೂಡಲೆಂದು ಕಾಗದದಲ್ಲಿ ಗೋಡೆ ಬೀಳುವ ಕಡೆಗಷ್ಟೇ ಹೆಚ್ಚು ಬೆಳಕು ಬಿಡುತ್ತಿದ್ದರು. ಕೈಗಳು ಮೆಲ್ಲಗೆ ಆಡುತ್ತಿದ್ದವು, ತಾವೇ ಮಣ್ಣು ಸವರುತ್ತಿರುವಂತೆ. ಆ ಕೈಗಳನ್ನು ನೋಡುವುದೇ ನನಗೊಂದು ಸುಖ. ಆಮೇಲೆ ತೊಳೆದ ಚಿತ್ರವನ್ನು ಮೇಲಿನ ಅಡುಗೆಮನೆಯ ಕಿಟಕಿಗೆ ತರುತ್ತಿದ್ದೆವು.

"ಈಗ ನೀನೇ ನನ್ನ ಕಣ್ಣು. ಕಾಣ್ತದಾ? ನನ್ನ ಖುಷಿಗೆ ಹೇಳಬೇಡ."

"ಇಲ್ಲ ಡಾಕ್ಟರಮ್ಮ. ಬರೀ ಬಿಳಿ."

ಮುಖ ಸಿಂಡರಿಸದೆ ಮತ್ತೆ ಮೆಟ್ಟಿಲಿಳಿಯುತ್ತಿದ್ದರು. ಎಷ್ಟು ಭಾನುವಾರ ಹಾಗೆ ಕಳೆದವೋ.

ಚಳಿ ಶುರುವಾದ ಒಂದು ಮಧ್ಯಾಹ್ನ, ಕಿಟಕಿಯ ಬಳಿ ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ತಂದೆ. ಗೋಡೆಯ ಮೂಲೆಯಲ್ಲಿ ನಾಲ್ಕು ಬೆರಳು ಎಳೆದ ಗೀರು, ಪಕ್ಕದಲ್ಲಿ ಹೆಬ್ಬೆರಳಿನ ಕುಳಿ.

"ಇದೆ," ಎಂದೆ.

"ಎಲ್ಲಿ?"

ಅವರ ಬೆರಳು ಹಿಡಿದು ಒದ್ದೆ ಕಾಗದದ ಮೇಲೆ ಆ ಜಾಗಕ್ಕೆ ಇಟ್ಟೆ. ಅವರಿಗೆ ಕಾಣಲಿಲ್ಲವೆಂದು ನನಗೆ ಗೊತ್ತು. ಆದರೆ ಅಷ್ಟು ಸಲ ಇಲ್ಲ ಎಂದವಳ ಮಾತನ್ನು ಅವರು ನಂಬಿದರು. ತುಸು ಹೊತ್ತು ಬೆರಳು ತೆಗೆಯಲಿಲ್ಲ.

"ಸರಿ. ಇನ್ನು ಚಾ ಮಾಡು," ಎಂದರು. ಮತ್ತೆ ಕೆಳಗಿಳಿಯಲಿಲ್ಲ.

ಅವರು ತೀರಿಕೊಂಡ ಮೇಲೆ ಆ ಚಿತ್ರ ನನ್ನ ಪಾಲಿಗೆ ಬಂತು. ಬಂದವರೆಲ್ಲ ಖಾಲಿ ಗೋಡೆಗೆ ಯಾಕೆ ಕಟ್ಟು ಹಾಕಿಸಿದ್ದೀ ಎನ್ನುತ್ತಾರೆ. ಮೊನ್ನೆ ನನ್ನ ಮಗಳು ಕುರ್ಚಿ ಹತ್ತಿ ಅದರ ಮುಂದೆ ನಿಂತಿದ್ದಳು. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ. ಗಾಜಿನ ಮೂಲೆಗೆ ತನ್ನ ಪುಟ್ಟ ಅಂಗೈ ಒತ್ತಿ, ಜರ್ಮನ್‌ನಲ್ಲೇ ಹೇಳಿದಳು: "ಮಮ್ಮಾ, ಹಾಂಡ್."

"ಹೌದು ಪುಟ್ಟಿ, ಕೈ," ಎಂದೆ. ಇದನ್ನು ಡಾಕ್ಟರಮ್ಮ ಕೇಳಬೇಕಿತ್ತು.