ಬಲ ಆರು, ಎಡ ಐದು

ಖಾದರ್ ಕಾಕಾ ಯಾರನ್ನು ಕಂಡರೂ ಮೊದಲು ಪಾದ ನೋಡುತ್ತಿದ್ದರು, ಮುಖ ಆಮೇಲೆ. ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಚಪ್ಪಲಿ ಅಂಗಡಿ. ಮದುವೆಮನೆಯಲ್ಲಿ ಸಿಕ್ಕರೂ ಅವರ ನಮಸ್ಕಾರ ನಮ್ಮ ಹೆಬ್ಬೆರಳಿಗೇ ಸಲ್ಲುತ್ತಿತ್ತು. ನಾಚಿಕೆಯ ಮನುಷ್ಯ ಎಂದುಕೊಂಡವರಿದ್ದಾರೆ. ಪಾಪ, ಅವರು ಅಳತೆ ತೆಗೆಯುತ್ತಿದ್ದರು.

ಚಿಕ್ಕಂದಿನಲ್ಲಿ ಬಂದ ಜ್ವರದಿಂದ ನನ್ನ ಎಡಗಾಲು ಬಲಗಾಲಿಗಿಂತ ಒಂದು ಸೈಜು ಸಣ್ಣದಾಗಿ ಉಳಿಯಿತು. ಅವ್ವ ದೊಡ್ಡ ಜೋಡಿಯನ್ನೇ ಕೊಂಡು ಎಡಗಡೆಗೆ ಅರಿವೆ ತುರುಕುತ್ತಿದ್ದಳು. ಅದನ್ನು ಕಂಡ ಕಾಕಾ ಎರಡು ಡಬ್ಬಿ ಬಿಚ್ಚಿದರು. ದೊಡ್ಡದರ ಬಲ, ಸಣ್ಣದರ ಎಡ ನನಗೆ ತೊಡಿಸಿದರು. ಉಳಿದ ಎರಡನ್ನು ಯಾರಿಗೆ ಮಾರುತ್ತೀರಿ ಎಂದು ಅವ್ವ ಗಾಬರಿಯಾದಳು.

"ಅವುಕ್ಕೂ ಕಾಲು ಎಲ್ಯರ ಇರ್ತಾವ ತಂಗಿ. ಬರ್ತಾವ ತಗೋ," ಅಂದರು.

ಬರಲಿಲ್ಲ. ನನ್ನ ಕಾಲು ಬೆಳೆದು ಬಲ ಆರಕ್ಕೆ, ಎಡ ಐದಕ್ಕೆ ನಿಂತವು. ನಾನು ಶಾಲೆಯ ಟೀಚರಾದೆ. ಅಂಗಡಿಯ ಅಟ್ಟದ ಮೇಲೆ ಹೀಗೆ ಉಳಿದ ಬೆಸಜೋಡಿಗಳು ಕೂಡುತ್ತಲೇ ಹೋದವು.

ಆಮೇಲೆ ಊರಿಗೆ ಊರೇ ಫೋನಿನಲ್ಲಿ ಚಪ್ಪಲಿ ತರಿಸತೊಡಗಿತು. ಪಾರ್ಸಲ್ ಗಾಡಿ ನಿಲ್ಲುತ್ತಿದ್ದುದು ಕಾಕಾನ ಅಂಗಡಿಯ ನೆರಳಿನಲ್ಲೇ. ಬಣ್ಣಕ್ಕೆ ಮರುಳಾಗಿ ನಾನೂ ಒಂದು ಜೋಡಿ ತರಿಸಿದೆ, ಎಡಗಡೆಗೆ ಮತ್ತೆ ಅರಿವೆ ತುರುಕಿದೆ. ಕಾಕಾ ಎದುರಾದರು. ಪಾದ ನೋಡಿದರು. "ನಡಗಿ ಸಪ್ಪಳ ಬ್ಯಾರೆ ಆಗೇತಲ್ಲ ಬೇಟಿ," ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುವಾರ ಅವರೇ ಮನೆಗೆ ಬಂದು, ಅಂಗಡಿಯನ್ನು ಫೋನಿನಲ್ಲಿ ಹಾಕಿಕೊಡು ಎಂದರು. ಗಿರಾಕಿಗಳು ಹಾಳೆಯ ಮೇಲೆ ಪಾದವಿಟ್ಟು ಗೆರೆ ಎಳೆದು ಫೋಟೋ ಕಳಿಸಬೇಕು, ಇವರು ಅದಕ್ಕೆ ಹೊಂದುವ ಚಪ್ಪಲಿ ಕಳಿಸಬೇಕು. ಫೋಟೋದಲ್ಲಿ ಅಳತೆ ಎಲ್ಲಿ ತಿಳಿಯಬೇಕು? ಮೊದಲ ಎರಡು ಪಾರ್ಸಲ್ ವಾಪಸು ಬಂದವು. ಕಾಕಾ ಬೀಡಿ ಹಚ್ಚಿ ಯೋಚಿಸುತ್ತ ಕೂತವರು, ಕೈಯಲ್ಲಿದ್ದುದನ್ನೇ ನೋಡಿ ನಕ್ಕರು. "ಪಾದದ ಬಾಜೂಕ ಕಡ್ಡಿಪೆಟ್ಟಗಿ ಇಡ್ರಿ ಅಂತ ಬರಿ. ಅದು ಎಲ್ಲಾರ ಮನ್ಯಾಗೂ ಅಷ್ಟ ಇರ್ತೈತಿ."

ಅಂಗಡಿ ಮತ್ತೆ ಉಸಿರಾಡಿತು. ಆದರೆ ಕಾಕಾನ ಹಟ ಬೇರೆಯೇ ಇತ್ತು. 'ಎಡ ಆರು, ಬಲ ಐದು. ಇವು ಯಾರವರಿ?' ಎಂದು ಬೆಸಜೋಡಿಗಳ ಫೋಟೋ ಹಾಕಿಸಿದರು. ಜನ ಚೇಷ್ಟೆ ಮಾಡಿದರು. ನಾಲ್ಕು ತಿಂಗಳ ಮೇಲೆ ಅಳ್ನಾವರದಿಂದ ಸುನಂದಾ ಎಂಬಾಕೆ ರೈಲು ಹತ್ತಿ ಬಂದಳು. ನನ್ನದಕ್ಕೆ ಅಗದಿ ಉಲ್ಟಾ ಕಾಲು, ಎಡ ದೊಡ್ಡದು, ಬಲ ಸಣ್ಣದು. ತೊಟ್ಟುಕೊಂಡು ಬಾಗಿಲತನಕ ಹೋಗಿ ಬಂದಳು, ಮತ್ತೆ ಹೋಗಿ ಬಂದಳು, ಆಮೇಲೆ ಸೆರಗು ಬಾಯಿಗಿಟ್ಟು ಅತ್ತಳು. ಕಾಕಾ ಅಟ್ಟ ಹತ್ತಿ ಅವಳ ಅಳತೆಯವನ್ನೆಲ್ಲ ಇಳಿಸಿದರು.

ಕಾಕಾ ಹೋಗಿ ಒಂದು ವರ್ಷವಾಯಿತು. ಅಂಗಡಿಗೆ ಬೀಗ. ನಮಗಾಗಿ ಎರಡು ಡಬ್ಬಿ ಬಿಚ್ಚುವವರು ಯಾರೂ ಇಲ್ಲ. ಈಗ ನಾನು, ಸುನಂದಾ ಕೂಡಿ ಫೋನಿನಲ್ಲೇ ಆರರದೊಂದು, ಐದರದೊಂದು ಜೋಡಿ ತರಿಸುತ್ತೇವೆ. ಕಾಕಾನಿಗೆ ಎರಡು ಬಗೆದಂತೆ ಅನಿಸುತ್ತದೆ. ಅವಳು ರೈಲಿಗೆ ಬರುತ್ತಾಳೆ. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಒಂದೊಂದು ಅದಲುಬದಲು ಮಾಡಿಕೊಳ್ಳುತ್ತೇವೆ.

ಮೊನ್ನೆ ಅವಳು ರೈಲಿನಿಂದ ಇಳಿದಾಗ ನನ್ನ ಕಣ್ಣು ಮೊದಲು ಹೋದದ್ದು ಅವಳ ಪಾದಕ್ಕೆ. ತಲೆ ಎತ್ತಿದರೆ, ಅವಳೂ ನನ್ನ ಪಾದವನ್ನೇ ನೋಡುತ್ತಿದ್ದಳು.